ಜಯಮ್ಮ ಮಿಸ್ಸಿನ ಜೋರಿನ ಸಾಲು

ಜಯಮ್ಮ ಮಿಸ್ ನಮಗೆ ಪಾಠ ಹೇಳಲು ಪಿಯಾನೋ ಮುಂದೆ ಕೂತ ಕೂಡಲೇ ಆಕಳಿಸುತ್ತಿದ್ದರು. ಬೆಳಗಿನಿಂದ ಹಿಪ್ಪುನೇರಳೆ ಸೊಪ್ಪು ಕುಯ್ದು, ಹೆಚ್ಚಿ, ರೇಷ್ಮೆ ಹುಳುಗಳಿಗೆ ಹಾಕಿ ದಣಿದ ಜೀವ. ಬೆರಳ ಸಂದಿಯಲ್ಲಿ ಸೊಪ್ಪಿನ ಹಸಿರು ಹಾಗೇ ಇರುತ್ತಿತ್ತು. "ಕಣ್ಣು ಮುಚ್ಕಂಡ್ರೂ ಕಿವಿ ಬುಟ್ಟಿರ್ತೀನಿ, ನುಡ್ಸವ್ವ," ಎನ್ನುತ್ತಿದ್ದರು.

ಬೆಂಗಳೂರಿನ ಒಂದು ಬೋರ್ಡಿಂಗ್ ಶಾಲೆಯಲ್ಲಿ ಅವರಪ್ಪ ಅಡುಗೆಯವರು. ಅಲ್ಲಿನ ಮೇಡಂ ಒಬ್ಬರು ಆಸೆಪಟ್ಟು ಈ ಹುಡುಗಿಗೆ ಪಿಯಾನೋ ಕಲಿಸಿದ್ದರು. ಮದುವೆಯಾಗಿ ಕನಕಪುರದ ಪಕ್ಕದ ಹಳ್ಳಿಗೆ ಬಂದ ಮೇಲೆ ಆ ಶಾಲೆ ಮುಚ್ಚಿತು. ಹಳೇ ಪಿಯಾನೋ ಲಾರಿ ಹತ್ತಿ ಇವರ ನಡುಮನೆಗೆ ಬಂತು. ಗೋಡೆಯಾಚೆಗೇ ಹುಳು ಸಾಕುವ ಕೋಣೆ.

ಅದೇ ತಾಪತ್ರಯ. ರೇಷ್ಮೆ ಹುಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು, ತಲೆಯೆತ್ತಿಕೊಂಡು ನಿದ್ದೆ ಹೋಗುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತಾರೆ. "ಜ್ವರಕ್ಕೋಗವೆ, ಸದ್ದು ಮಾಡ್ಬ್ಯಾಡ," ಎಂದು ಮಿಸ್ಸಿನ ಅತ್ತೆ ಒಳಗಿನಿಂದ ಗದರುತ್ತಿದ್ದರು. ಆ ಮನೆಯಲ್ಲಿ ಒಂದಲ್ಲ ಒಂದು ತಟ್ಟೆಯ ಹುಳು ಸದಾ ಜ್ವರದಲ್ಲೇ ಇರುತ್ತಿದ್ದವು.

ಮಿಸ್ಸಿಗೆ ಪ್ರಾಣವಾಗಿದ್ದದ್ದು ಎರಡು ಪುಟದ ಒಂದು ಚಿಕ್ಕ ತುಣುಕು. ಹತ್ತೊಂಬತ್ತನೇ ಶತಮಾನದಲ್ಲಿ ಯಾರೋ ಜರ್ಮನಿಯವನು ಬರೆದದ್ದು. ತೀರಾ ಸುಲಭವೂ ಅಲ್ಲ, ಕೈ ಸೋಲುವಷ್ಟು ಕಷ್ಟವೂ ಅಲ್ಲ. ಜೋಗುಳದ ಹಾಗೆ ಶುರುವಾಗಿ, ನಡುವೆ ಜೋರಾಗಿ ಅತ್ತು, ಮತ್ತೆ ಸುಮ್ಮನಾಗುತ್ತದೆ. ಆ ಜೋರಿನ ಸಾಲುಗಳನ್ನೂ ಮಿಸ್ ಪಿಸುಮಾತಿನಲ್ಲೇ ನುಡಿಸುತ್ತಿದ್ದರು, ನಮಗೂ ಹಾಗೇ ಕಲಿಸಿದರು. "ಒಂದಿನ ಇದನ್ನ ಬರ್ದಿರೋ ಅಂಗೇ ಕೇಳ್ಬೇಕು ಕಣವ್ವ. ಅದೊಂದು ಆಸೆ ಐತೆ," ಎನ್ನುತ್ತಿದ್ದರು.

ಬೆಂಗಳೂರಿನಲ್ಲಿ ಪರೀಕ್ಷೆಗೆ ನಾನು ಅದನ್ನೇ ನುಡಿಸಿದೆ. ಪರೀಕ್ಷಕರು ಪುಟದ ಮೇಲೆ ಬೆರಳಿಟ್ಟು, "ಇಲ್ಲಿ ಜೋರಾಗಿ ಅಂತ ಇದೆಯಲ್ಲಮ್ಮ?" ಎಂದರು. ಗಾಬರಿಯಲ್ಲಿ ಬಾಯಿಗೆ ಬಂದದ್ದು ಒಂದೇ: "ಹುಳ ಜ್ವರಕ್ಕೋಗವೆ ಸಾರ್." ಪಾಪ, ಆ ಮನುಷ್ಯ ನನ್ನ ಹಣೆ ಮುಟ್ಟಿ ನೋಡುವುದೊಂದು ಬಾಕಿ. ಫೇಲಾದೆ. ಸುದ್ದಿ ಕೇಳಿ ಮಿಸ್ ಬಿದ್ದೂ ಬಿದ್ದೂ ನಕ್ಕರು.

ಎಷ್ಟೋ ವರ್ಷದ ಮೇಲೆ, ಕೊನೆಯ ಸಲ ಹೋದಾಗ, ಅತ್ತೆ ತೀರಿಕೊಂಡಿದ್ದರು. ಮಂಡಿ ನೋವಿಗೆ ಸೋತು ಮಿಸ್ ಹುಳು ಸಾಕುವುದನ್ನೂ ಬಿಟ್ಟಿದ್ದರು. "ಇನ್ಯಾರ ಹಂಗು ಮಿಸ್, ನುಡಿಸಿ," ಎಂದೆ. ಕೂತರು. ಜೋರಿನ ಸಾಲು ಬಂದಾಗ ಕೈ ತಾನಾಗಿ ಮೆತ್ತಗಾಯಿತು. ಇನ್ನೊಮ್ಮೆ ಹಿಡಿದರು, ಮತ್ತೆ ಹಾಗೇ.

"ಹುಳ ಇಲ್ಲ ಅಂತ ಕೈಗೆ ಗೊತ್ತಾಗಾಕಿಲ್ಲ ಕಣವ್ವ. ಸಾಕಾಯ್ತು. ನೀನು ನುಡ್ಸು, ನಾನು ಒಳ್ಗೆ ಒಸಿ ಕುಂತ್ಕಂಡು ಕೇಳ್ತೀನಿ," ಎಂದು ಎದ್ದು ಆ ಖಾಲಿ ಕೋಣೆಗೆ ಹೋದರು.

ಅಷ್ಟು ವರ್ಷದ ಸಿಟ್ಟನ್ನೆಲ್ಲ ಸೇರಿಸಿ ನುಡಿಸಿದೆ. ಕಿಟಕಿ ಬಾಗಿಲು ಅದುರಿತು. ಮುಗಿಸಿ, "ಹೆಂಗಿತ್ತು ಮಿಸ್?" ಎಂದು ಒಳಗೆ ಹೋದರೆ, ತಟ್ಟೆಗಳಿದ್ದ ಜಾಗದಲ್ಲಿ, ಬರೀ ನೆಲದ ಮೇಲೆ, ಸೆರಗು ಹೊದ್ದು ಮಲಗಿಬಿಟ್ಟಿದ್ದರು. ಅವರು ಹಗಲಲ್ಲಿ ಕಾಲು ಚಾಚಿ ಮಲಗಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಎಬ್ಬಿಸಲು ಮನಸ್ಸು ಬರಲಿಲ್ಲ. ಪಿಯಾನೋ ಮುಚ್ಚಳವನ್ನು ಸದ್ದಾಗದಂತೆ ಮುಚ್ಚಿ ಬಸ್ಸಿಗೆ ಹೊರಟೆ.

ಆ ಮಳೆಗಾಲದಲ್ಲೇ ಮಿಸ್ ಹೋಗಿಬಿಟ್ಟರು. ಜೋರಿನ ಸಾಲು ಬರುವವರೆಗೆ ಅವರಿಗೆ ಎಚ್ಚರವಿತ್ತೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ.