ಹತ್ತು ಕಡ್ಡಿ ಕೆಂಪು ಟ್ಯುಲಿಪ್

ಟ್ಯುಲಿಪ್ ಗೆಡ್ಡೆಗಳ ಪಾರ್ಸೆಲ್ ಬಂದದ್ದು ಸೆಪ್ಟೆಂಬರ್ 22ರಂದು, ಅಮ್ಮ ತೀರಿಕೊಂಡ ಮೂವತ್ತೊಂದನೆಯ ದಿನ. ಪೆಟ್ಟಿಗೆಯ ಮೇಲೆ ಅಮ್ಮನ ಹೆಸರಿತ್ತು. ತಂದವನು, "ಅವ್ರಿದಾರಾ ಮೇಡಂ?" ಎಂದು ಕೇಳಿದ. "ಇಲ್ಲ, ನಾನೇ ತಗೋತೀನಿ" ಎಂದು ಸಹಿ ಹಾಕಿದೆ. ಒಳಗೆ ಮೂವತ್ತು ಗೆಡ್ಡೆಗಳಿದ್ದವು. ಎರಡು ಸಲ ಎಣಿಸಿದೆ. ಒಂದು ಒತ್ತಿದರೆ ಮೆತ್ತಗೆ ಒಳಕ್ಕೆ ಹೋಗುತ್ತಿತ್ತು. ದಿನಾ ಲೆಕ್ಕ ಬರೆದಿಡುವ ನನ್ನ ಪುಸ್ತಕದ ಅವತ್ತಿನ ಪುಟದಲ್ಲಿ ಬರೆದಿರುವುದು ಇಷ್ಟೇ: 30, ಕೊಳೆತದ್ದು 1, ಉಳಿದದ್ದು 29.

ಅಮ್ಮ ಹೆಬ್ಬಗೋಡಿಯ ಬಸ್ ಸ್ಟಾಪಿನ ಪಕ್ಕ ಬುಟ್ಟಿ ಇಟ್ಟುಕೊಂಡು ಕಟ್ಟಿದ ಹೂ ಮಾರುತ್ತಿದ್ದಳು. ಮೊಣಕೈಯಿಂದ ನಡುಬೆರಳಿನ ತುದಿಯವರೆಗೆ ಒಂದು ಮೊಳ. ಅಳೆದ ಮೇಲೆ ನಾಲ್ಕು ಬೆರಳು ಹೆಚ್ಚಿಗೆ ಬಿಟ್ಟು ದಾರ ಕತ್ತರಿಸುವುದು ಅವಳ ಪದ್ಧತಿ. ಅವಳ ಬೆನ್ನ ಹಿಂದೆಯೇ ಗಾಜಿನ ಬಾಗಿಲಿನ ಒಂದು ಹೂವಿನಂಗಡಿ ಇತ್ತು. ಅಲ್ಲಿ ಹೂಗಳು ಕಡ್ಡಿ ಸಮೇತ ಬಕೆಟ್ಟುಗಳಲ್ಲಿ ನಿಂತಿರುತ್ತಿದ್ದವು. ಕಳೆದ ಚಳಿಗಾಲದಲ್ಲಿ ಅಲ್ಲಿಗೆ ಕೆಂಪು ಟ್ಯುಲಿಪ್ ಬಂದಾಗ ಅಮ್ಮ ಗಾಜಿನ ಹೊರಗೆ ನಿಂತು ನನ್ನನ್ನು ಕರೆದು ತೋರಿಸಿದಳು.

"ಇದನ್ನ ನಮ್ಮನೆ ಮೇಲೆ ಬೆಳೆಯಕ್ಕಾಗಲ್ವೇನೇ? ಇಷ್ಟು ವರ್ಷ ಮೊಳ ಹಾಕಿದ್ದಾಯ್ತು. ಒಂದ್ಸಲ ಆದ್ರೂ ಕಡ್ಡಿ ಸಮೇತ ಹೂ ತಗೊಂಡು ಈ ಬಾಗಿಲಿಂದ ಒಳಗೋಗ್ಬೇಕು ಕಣೇ."

ಅಂಗಡಿಯ ಮೇಡಂ ಅದನ್ನು ಕೇಳಿಸಿಕೊಂಡು ಹೊರಗೆ ಬಂದರು. ಅಮ್ಮನನ್ನು ಅವರು ಕರೆಯುತ್ತಿದ್ದದ್ದೇ ಹೂವಮ್ಮ ಎಂದು. "ಬೆಳೀರಿ ಹೂವಮ್ಮ, ನಾನೇ ತಗೋತೀನಿ. ಆದ್ರೆ ಒಂದು ಕಟ್ಟಿಗೆ ಹತ್ತು ಕಡ್ಡಿ. ಎಲ್ಲ ಒಂದೇ ಎತ್ತರ, ಒಂದಡಿಗೆ ಕಮ್ಮಿ ಇರ್ಬಾರ್ದು. ಬಣ್ಣ ಬಂದಿರ್ಬೇಕು, ಬಿಚ್ಚಿರ್ಬಾರ್ದು. ಒಂಬತ್ತು ತಂದ್ರೆ ವಾಪಸ್ ಕಳಿಸ್ತೀನಿ ನೋಡಿ!"

"ಹತ್ತೂ ಕೊಡ್ತೀನಿ, ಹನ್ನೊಂದ್ನೇದು ನಿಮ್ ತಲೆಗೆ ಮುಡಿಸ್ತೀನಿ" ಎಂದಳು ಅಮ್ಮ.

ಜುಲೈನಲ್ಲಿ ಗೆಡ್ಡೆಗಳಿಗೆ ಆರ್ಡರ್ ಮಾಡಿದೆವು. ಆಗಸ್ಟಿನಲ್ಲಿ ಅಮ್ಮ ಆಸ್ಪತ್ರೆ ಸೇರಿದಳು. ಅಲ್ಲಿದ್ದದ್ದು ಹನ್ನೊಂದು ದಿನ. ಎರಡನೆಯ ದಿನ, "ಗೆಡ್ಡೆ ಬಂತಾ?" ಎಂದು ಕೇಳಿದಳು. ಏಳನೆಯ ದಿನ ಮತ್ತೆ ಕೇಳಿದಳು. "ಬರತ್ತೆ, ನಿನ್ ಕೈಲಿ ಆಗ್ದಿದ್ರೆ ನಾನೇ ಹತ್ತು ಕಡ್ಡಿ ಕೊಟ್ಟು ಬರ್ತೀನಿ" ಎಂದೆ. ಆಮೇಲೆ ಅವಳು ಏನನ್ನೂ ಕೇಳಲಿಲ್ಲ. ಅವಳು ಹೋದ ದಿನದ ಪುಟದಲ್ಲಿ, ಕೆಳಕ್ಕೆ ಇಳಿಯುವಾಗ ಆಸ್ಪತ್ರೆಯ ಲಿಫ್ಟು ಎಷ್ಟು ಸಲ ನಿಂತಿತು ಎಂದು ಬರೆದಿದ್ದೇನೆ. ನಾಲ್ಕು ಸಲ. ಬಂದ ನೆಂಟರು, "ಅತ್ಬಿಡೇ, ಒಳಗೇ ಇಟ್ಕೋಬೇಡ" ಎನ್ನುತ್ತಿದ್ದರು. ಅಳು ಬರಲಿಲ್ಲ. ಬಂದವರು ಎಷ್ಟು ಮಂದಿ ಎಂದು ಎಣಿಸಿದ್ದೇನೆ.

ಮನೆಯಲ್ಲಿ ಉಳಿದದ್ದು ನಾನು ಮತ್ತು ಅಜ್ಜಿ, ಅಮ್ಮನ ಅಮ್ಮ. ನಾನು ಜಿಗಣಿಯ ಒಂದು ಕಾರ್ಖಾನೆಯಲ್ಲಿ ಲೋಹದ ಬಿಡಿಭಾಗಗಳನ್ನು ಅಳೆದು ರಿಜಿಸ್ಟರಿನಲ್ಲಿ ಬರೆಯುವ ಕೆಲಸ ಮಾಡುತ್ತೇನೆ. ಮನೆಯಲ್ಲೂ ಅದನ್ನೇ ಮಾಡಿದೆ. ನಮ್ಮ ಕಡೆಯ ಚಳಿ ಟ್ಯುಲಿಪ್ಪಿಗೆ ಸಾಲುವುದಿಲ್ಲ. ನೆಡುವ ಮುಂಚೆ ಗೆಡ್ಡೆಗೆ ಹನ್ನೆರಡು ವಾರ ಫ್ರಿಜ್ಜಿನ ತಂಪು ಬೇಕು. ಕೆಳಗಿನ ತಟ್ಟೆಯಲ್ಲಿ ಕಾಗದದ ಚೀಲದಲ್ಲಿಟ್ಟು, ಪಕ್ಕದಲ್ಲೊಂದು ಥರ್ಮಾಮೀಟರ್ ಇಟ್ಟು, ಬೆಳಿಗ್ಗೆ ಸಂಜೆ ನೋಡಿ ಬರೆಯುತ್ತಿದ್ದೆ.

ಅಜ್ಜಿಗೆ ಅದೊಂದು ತಮಾಷೆ. ಬಾಡಿಗೆಮನೆಯವರು ಬಂದಾಗಲೆಲ್ಲ ಕರೆದು ತೋರಿಸುತ್ತಿದ್ದಳು. "ಬಾರಮ್ಮ ನೋಡು, ನಮ್ ಉಡ್ಗಿ ಈರುಳ್ಳೀನ ಫ್ರಿಜ್ನಾಗೆ ಮಲಗ್ಸಿ ಜ್ವರ ನೋಡ್ತಾವ್ಳೆ."

ನವೆಂಬರಿನಲ್ಲಿ ಒಂದು ಸಂಜೆ ಫ್ರಿಜ್ಜು ತೆರೆದರೆ ಚೀಲದ ಮೇಲೆಯೇ ಒಂದು ಚಿಪ್ಪು ಬಾಳೆಹಣ್ಣು ಇತ್ತು. ಅಮ್ಮನ ಫೋಟೋ ಮುಂದೆ ಇಟ್ಟಿದ್ದ ಹಣ್ಣು. ಕೆಡದಿರಲಿ ಎಂದು ಅಜ್ಜಿ ಇಟ್ಟಿದ್ದಳು. ನಾಲ್ಕು ದಿನವಾಗಿತ್ತಂತೆ. ನಾನು ಕೆಳಗಿನ ತಟ್ಟೆಯನ್ನು ಪೂರ್ತಿ ಎಳೆದು ನೋಡಿರಲಿಲ್ಲ, ಥರ್ಮಾಮೀಟರನ್ನಷ್ಟೇ ನೋಡುತ್ತಿದ್ದೆ. ಮಾಗುವ ಹಣ್ಣಿನ ಗಾಳಿ ತಾಗಿದರೆ ಗೆಡ್ಡೆಯೊಳಗಿನ ಮೊಗ್ಗು ಸತ್ತುಹೋಗುತ್ತದೆ ಎಂದು ಓದಿದ್ದೆ. ಅಜ್ಜಿಗೆ ಹೇಳಲಿಲ್ಲ. ಹಣ್ಣು ತೆಗೆದು ಅಡುಗೆಮನೆಯ ಕಟ್ಟೆಯ ಮೇಲಿಟ್ಟೆ.

ಡಿಸೆಂಬರ್ 15ರಂದು ತಾರಸಿಯಲ್ಲಿ ನೆಟ್ಟೆ. ಬಣ್ಣದ ಖಾಲಿ ಡಬ್ಬಗಳು, ಮರಳು ಬೆರೆಸಿದ ಮಣ್ಣು, ಮೇಲೆ ಹಸಿರು ಬಲೆ. ಇಪ್ಪತ್ತಾರು ಮೊಳೆತವು, ಮೂರು ಮಣ್ಣಿನಲ್ಲೇ ಕೊಳೆತವು. ಜನವರಿಯ ಕೊನೆಗೆ ಒಂಬತ್ತು ಗಿಡಗಳ ಮೊಗ್ಗು ಎಲೆಯ ನಡುವೆಯೇ ಒಣಗಿ ಕಾಗದದಂತಾಯಿತು. ಹದಿನೇಳು ಉಳಿದವು. ಅದರಲ್ಲಿ ಆರು ಗಿಡ್ಡ, ಗೇಣುದ್ದವೂ ಇರಲಿಲ್ಲ. ಒಂದಡಿ ದಾಟಿದ್ದು ಹನ್ನೊಂದು. ಬೇಕಾಗಿದ್ದದ್ದು ಹತ್ತು. ಅಂಗಡಿಗೆ ಫೋನ್ ಮಾಡಿದೆ. ಮೇಡಂ ಕಡ್ಡಿಗಳ ಎತ್ತರ ಕೇಳಿಕೊಂಡರು. ಆಮೇಲೆ, "ಭಾನುವಾರ ಒಂಬತ್ತು ಗಂಟೆಯೊಳಗೆ ತನ್ನಿ. ಹೂವಮ್ಮನ ಹೂ ಅಂತ ಬೋರ್ಡ್ ಬರೆದು ಮುಂದೇನೇ ಇಡ್ತೀನಿ" ಎಂದರು.

ಶನಿವಾರ ಸಂಜೆ ಹನ್ನೊಂದನ್ನೂ ಸ್ಕೇಲಿನಿಂದ ಅಳೆದೆ. ಮೊಗ್ಗುಗಳ ಬುಡದಲ್ಲಿ ಇನ್ನೂ ತುಸು ಹಸಿರಿತ್ತು, ತುದಿ ಪೂರ್ತಿ ಕೆಂಪು. ಅಜ್ಜಿ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದಳು.

"ಅಜ್ಜಿ, ನಾಳೆ ಬಿಸಿಲು ಬರೋಕ್ ಮುಂಚೆ ಕುಯ್ಬೇಕು. ಬಿಸಿಲು ತಾಗಿದ್ರೆ ಬಿಚ್ಕೊಂಡ್ಬಿಡ್ತಾವೆ."

"ಮೊಗ್ನಾಗೇ ಕುಯ್ಯದ ನಂಗೇಳ್ಕೊಡ್ತೀಯಾ? ನೀ ಉಟ್ಟಕ್ ಮುಂಚೆ ಇದೇ ಜಾಗ್ದಾಗೆ ಮಲ್ಗೆ ತೋಟ ಇತ್ತು. ಸೂರ್ಯ ಉಟ್ಟೋ ಒತ್ಗೆ ಎರಡು ಬುಟ್ಟಿ ಕುಯ್ದಿರೋಳು ನಾನು."

"ಸರಿ" ಎಂದೆ. ಕಡ್ಡಿಯ ಬುಡದಿಂದ ಕತ್ತರಿಸಬೇಕು, ಎರಡೆಲೆ ಜೊತೆಗಿರಬೇಕು, ಕೂಡಲೇ ನೀರಿಗಿಡಬೇಕು ಎಂದೆಲ್ಲ ನನ್ನ ಪುಸ್ತಕದಲ್ಲಿತ್ತು. ಅಜ್ಜಿಗೆ ಹೇಳುವುದೇನೂ ಇಲ್ಲ, ಕತ್ತರಿಸುವವಳು ನಾನು ತಾನೆ ಎಂದುಕೊಂಡಿದ್ದೆ.

ಭಾನುವಾರ ಆರಕ್ಕೆ ಚಾಕು, ಬಕೆಟ್ಟು, ಹಳೆಯ ಪೇಪರ್ ಹಿಡಿದು ತಾರಸಿಗೆ ಹೋದೆ. ಬೆಳಕು ಆಗತಾನೇ ಬರುತ್ತಿತ್ತು. ಕಡ್ಡಿಗಳು ನೆಟ್ಟಗೆ ನಿಂತಿದ್ದವು. ಹನ್ನೊಂದು ಉದ್ದದವು, ಆರು ಗಿಡ್ಡದವು. ಒಂದರ ಮೇಲೂ ಹೂವಿರಲಿಲ್ಲ. ಮುರಿದ ತುದಿಗಳಲ್ಲಿ ಒಂದೊಂದು ಹನಿ ನೀರು ಕೂತಿತ್ತು. ಹದಿನೇಳನ್ನೂ ಎಣಿಸಿ ಕೆಳಗಿಳಿದೆ.

ಅಜ್ಜಿ ಅಮ್ಮನ ಫೋಟೋ ಕೆಳಗೆ ಕೂತಿದ್ದಳು. ಮೊರದಲ್ಲಿ ಒದ್ದೆ ಬಟ್ಟೆ, ಅದರ ಮೇಲೆ ಹದಿನೇಳು ಕೆಂಪು ಮೊಗ್ಗುಗಳು. ಕಾಲ್ಬೆರಳಿಗೆ ದಾರ ಸಿಕ್ಕಿಸಿಕೊಂಡು ಕಟ್ಟತೊಡಗಿದ್ದಳು.

"ಎದ್ಯಾ? ಒಂದಿನ ಮಲಗ್ಲಿ ಮಗ ಅಂತ ನಾನೇ ಕುಯ್ಕಂಡ್ ಬಂದೆ. ಒಂದಾದ್ರೂ ಬಿಚ್ಕಂಡೈತಾ ನೋಡು! ನೀನು ಸ್ನಾನ ಮಾಡ್ಕಂಡ್ ಬರಾದ್ರಾಗೆ ಕಟ್ಟಿ ಕೊಟ್ಬುಡ್ತೀನಿ. ಅಂಗ್ಡಿಯಮ್ಮಂಗೆ ಕಟ್ಟೋಕೆಲ್ ಬರ್ತದೆ?"

"ಕಡ್ಡಿ ಅಜ್ಜಿ" ಎಂದೆ. "ಅವ್ರಿಗೆ ಕಡ್ಡಿ ಸಮೇತ ಬೇಕಿತ್ತು."

"ಕಡ್ಡೀನ ತಗಂಡ್ ಏನ್ಮಾಡ್ತಾರೆ? ದನಾನೂ ಮೂಸಕ್ಕಿಲ್ಲ" ಎಂದು ನಕ್ಕಳು. ನಾನು ನಗದಿರುವುದನ್ನು ನೋಡಿ ಅವಳ ಕೈ ನಿಂತಿತು. ಮೊರವನ್ನೊಮ್ಮೆ ನೋಡಿದಳು. "ನಿಮ್ಮವ್ವ ಬುಟ್ಟೀಲಿ ಯಾವತ್ತೂ ಕಡ್ಡಿ ಇಟ್ಟೋಳಲ್ಲ ಕಣೆ. ನಂಗೆ ಗೊತ್ತಾಗ್ನಿಲ್ಲ" ಎಂದಳು. ಮಗಳು ಹೋದಾಗ ಎಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದಳೋ ಅಷ್ಟೇ ಸಣ್ಣ ದನಿ.

ಸಿಟ್ಟು ಬರುತ್ತದೇನೋ ಎಂದು ಸ್ವಲ್ಪ ಹೊತ್ತು ಕಾದೆ. ಬರಲಿಲ್ಲ. "ಕಟ್ಟು ಅಜ್ಜಿ, ಅರ್ಧಕ್ಕೆ ಬಿಡ್ಬೇಡ" ಎಂದು ಒಂದೊಂದೇ ಮೊಗ್ಗು ಎತ್ತಿ ಕೊಟ್ಟೆ. ದಪ್ಪ ಹೂ, ದಾರ ಜಾರುತ್ತಿತ್ತು. ಎರಡೆರಡು ಗಂಟು ಹಾಕಿದಳು.

ಒಂಬತ್ತಕ್ಕೆ ಐದು ನಿಮಿಷ ಇರುವಾಗ ಅಂಗಡಿ ತಲುಪಿದೆ. ಗಾಜಿನ ಬಾಗಿಲಿನಿಂದ ಒಳಗೆ ಹೋದದ್ದು ಅದೇ ಮೊದಲು. ಒಳಗೆ ನಮ್ಮ ಫ್ರಿಜ್ಜಿನಂತೆ ತಣ್ಣಗಿತ್ತು. ಮುಂದಿನ ಸಾಲಿನಲ್ಲಿ ಒಂದು ಬಕೆಟ್ಟು ಖಾಲಿ ಇತ್ತು, ಅದರ ಮೇಲೆ ಬೋರ್ಡೂ ಇತ್ತು. ಮೇಡಂ ನನ್ನ ಖಾಲಿ ಕೈಗಳನ್ನು ನೋಡಿದರು. ನಡೆದದ್ದನ್ನು ಹೇಳಿದೆ. ಅವರಿಗೆ ಮೊದಲು ನಗು ಬಂತು, ತಕ್ಷಣ ಬಾಯಿ ಮುಚ್ಚಿಕೊಂಡರು.

"ಮುಂದಿನ ವರ್ಷ ಅದೇ ಗೆಡ್ಡೆ ಮತ್ತೆ ಬಿಡಲ್ವಾ?"

"ಈ ಊರಲ್ಲಿ ಬಿಡಲ್ಲ ಮೇಡಂ."

ಅವರು ಆ ರಟ್ಟಿನ ಬೋರ್ಡನ್ನು ತೆಗೆದು ಮಡಚದೆ ನನ್ನ ಕೈಗೆ ಕೊಟ್ಟರು. ಬಕೆಟ್ಟಿನಲ್ಲಿ ಬೇರೆ ಹೂ ನಿಲ್ಲಿಸಿದರು.

ಮನೆಗೆ ಬರುವಷ್ಟರಲ್ಲಿ ಮಾಲೆ ಫೋಟೋದ ಮೇಲಿತ್ತು. ಕಿಟಕಿಯ ಬಿಸಿಲಿಗೆ ಹದಿನೇಳೂ ಬಾಯ್ತೆರೆದು ಒಳಗಿನ ಕಪ್ಪು ಕಾಣುತ್ತಿತ್ತು. ಎರಡು ಎಸಳು ಆಗಲೇ ನೆಲದ ಮೇಲಿದ್ದವು. ಸ್ಟೂಲು ಹತ್ತಿ ಮಾಲೆ ತೆಗೆದು ನನ್ನ ಮೊಣಕೈಗೆ ಹಿಡಿದು ನೋಡಿದೆ.

"ಎಷ್ಟೈತೆ?" ಎಂದಳು ಅಜ್ಜಿ.

"ಮೊಳಕ್ಕೆ ನಾಲ್ಕು ಬೆರಳು ಕಮ್ಮಿ."

"ಅವ್ಳು ನಾಕ್ ಬೆಳ್ಳು ಜಾಸ್ತಿ ಬುಡೋಳು" ಎಂದು ಅಜ್ಜಿ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಮಾಲೆಯನ್ನು ಮತ್ತೆ ಫೋಟೋಗೆ ಹಾಕಿದೆ. ಪುಸ್ತಕದಲ್ಲಿ "ಅಂಗಡಿಗೆ ಕೊಟ್ಟ ಕಡ್ಡಿ" ಎಂಬ ಕಾಲಂ ಮೊದಲೇ ಎಳೆದಿದ್ದೆ. ಅದರಲ್ಲಿ ಸೊನ್ನೆ ಬರೆದೆ. ಬೋರ್ಡನ್ನು ಅದೇ ಪುಟದೊಳಗೆ ಇಟ್ಟೆ. ಪುಸ್ತಕ ಮುಚ್ಚಲಿಲ್ಲ, ಬೋರ್ಡು ದೊಡ್ಡದು. ಆಮೇಲೆ ಸೋಮವಾರದ ಯೂನಿಫಾರ್ಮ್ ನೆನೆಸಲು ಹೋದೆ.