ಒಂದು ಮೊಳೆಗೆ ಒಂದೇ ಹಾಳೆ

ತಬೋರಾ ಪಟ್ಟಣದಲ್ಲಿ ಇನ್ನೂ ಪೂರ್ತಿ ಬೆಳಕಾಗಿಲ್ಲ. ಜಗಲಿಯ ಇದ್ದಿಲೊಲೆಯ ಮೇಲೆ ಚಹಾ ಕುದಿಯುತ್ತಿದೆ. ಕಲುಂಡೆ ಮ್ಹೋಜಾ ಲ್ಯಾಪ್‌ಟಾಪ್ ಮುಂದೆ ಕೂತಿದ್ದಾರೆ; ಅವರ ಕೆಲಸ ನೋಡಿ ಬರೆಯಲು ಬಂದ ನಾನು ಎದುರಿಗೆ. ಪಕ್ಕದಲ್ಲಿ ಅವರ ತಂದೆ ಮಾಯುಂಗಾ, ರೈಲ್ವೆಯಲ್ಲಿ ಹಳಿ ಬದಲಿಸುವ ಕೆಲಸ ಮಾಡಿ ನಿವೃತ್ತರಾದವರು, ಈಗಷ್ಟೇ ಅಚ್ಚಾದ ಹಾಳೆಯಲ್ಲಿ ಹಳಿಯಂಥ ಗೆರೆಯ ಮೇಲೆ ಬೆರಳು ಓಡಿಸಿ ಅಂಚಿನಲ್ಲಿ ನಿಲ್ಲಿಸುತ್ತಾರೆ.

“ಗಾಡಿ ನಿಂತೋಯ್ತು. ಮುಂದೆ ಹಳಿ ಎಲ್ಲೇ?”

“ಎರಡನೇ ಹಾಳೇಲಿದೆ, ಅಪ್ಪಾ.”

“ಮತ್ತೆ ಎರಡು ಹಾಳೇನಾ? ಹೋದ ವರ್ಷದ್ದು ಮರೆತ್ಯಾ?”

ಮರೆಯುವುದು ಹೇಗೆ? ಹಳ್ಳಿಯ ಆರೋಗ್ಯ ಕೇಂದ್ರಗಳು ಮೊಬೈಲ್ ಸಂದೇಶ ಕಳಿಸಿ ಔಷಧ ಕೇಳುತ್ತವೆ. ಪಟ್ಟಣದ ಉಗ್ರಾಣದ ಕಂಪ್ಯೂಟರ್ ಅದನ್ನು ಓದುತ್ತದೆ. ಯಾವ ಪದದ ಮುಂದೆ ಯಾವುದು ಬರಬೇಕು, ಯಾವುದನ್ನು ಬಿಡಬಹುದು ಎಂಬುದೆಲ್ಲ ಒಂದು ವ್ಯಾಕರಣ ಕಡತದಲ್ಲಿದೆ. ಬರೀ ಆವರಣ, ಗೀಟು, ನಕ್ಷತ್ರದ ಗುರುತು. ಯಂತ್ರಕ್ಕೆ ಸಲೀಸು, ಮನುಷ್ಯರಿಗೆ ಮುಳ್ಳುಬೇಲಿ. ಕಲುಂಡೆ ಅದನ್ನು ರೈಲುಹಳಿಯ ನಕ್ಷೆಯಂತೆ ಮಾಡಿ ಅಚ್ಚಿಗೆ ಹೊಂದಿಸುತ್ತಾರೆ. ಆಯ್ಕೆ ಇರುವಲ್ಲಿ ಹಳಿ ಕವಲೊಡೆಯುತ್ತದೆ. ಹಳಿ ಹಿಡಿದು ಕೊನೆ ಮುಟ್ಟಿದರೆ ಸಂದೇಶ ಸರಿ. ಗೆರೆಯನ್ನು ತಂತ್ರಾಂಶವೇ ಎಳೆಯುತ್ತದೆ. ಓದುವವರ ಕಣ್ಣಿಗೆ ಅದನ್ನು ಒಗ್ಗಿಸುವುದು ಇವರ ಕೆಲಸ.

ಹೋದ ಮಳೆಗಾಲದಲ್ಲಿ ಒಂದು ನಕ್ಷೆ ಎರಡು ಹಾಳೆಗೆ ಹಬ್ಬಿತ್ತು. ಒಂದು ಕೇಂದ್ರದ ಗೋಡೆಯಲ್ಲಿ ಮೊದಲ ಹಾಳೆ ಮಾತ್ರ ಉಳಿಯಿತು. ಕೊನೆಯಲ್ಲಿ ಕೇಂದ್ರದ ಹೆಸರು ಹಾಕಬೇಕೆಂದು ಇದ್ದದ್ದು ಎರಡನೆಯದರಲ್ಲಿ. ಜೇನು ಕೀಳುವವನೊಬ್ಬನಿಗೆ ಹಾವು ಕಚ್ಚಿದಾಗ ಅಲ್ಲಿನ ನರ್ಸ್ ನ್ಯಾಂಜಲಾ ಕಳಿಸಿದ ಸಂದೇಶ ಮತ್ತೆ ಮತ್ತೆ ತಿರಸ್ಕೃತವಾಯಿತು. ಮದ್ದು ತಲುಪುವ ಹೊತ್ತಿಗೆ ಅವನ ಬೆರಳು ಕಪ್ಪಾಗಿತ್ತು.

ಇಂದಿನಿಂದ ಸಂದೇಶಕ್ಕೆ ಹೊಸ ನಿಯಮ; ಔಷಧಗಳು ಹೆಚ್ಚಿವೆ, ನಕ್ಷೆ ಉದ್ದವಾಗಿದೆ. ಮಳೆ ಹತ್ತಿರ ಬಂದಿದೆ. ಬೆಳಗಿನ ಬಸ್ಸಿಗೆ ಹಾಳೆ ಒಯ್ಯಲು ನ್ಯಾಂಜಲಾ ಬಂದೇಬಿಡುತ್ತಾರೆ, ಕೈಯಲ್ಲೊಂದು ಜೇನಿನ ಬಾಟಲಿ ಹಿಡಿದು.

“ಆ ಜೇನಿನವನು ಕಳ್ಸಿದ್ದಾನೆ. ಬೆರಳು ಹೋದ್ರೂ ಕೈ ಉಳೀತಲ್ಲ ಅಂತಾನೆ. ಎರಡು ಹಾಳೆ ಮಾತ್ರ ಕೊಡ್ಬೇಡಮ್ಮ. ಎರಡನೇದು ಅಂಗಡೀಲಿ ಕರಿದ ಮಂದಾಜಿ ಕಟ್ಟೋಕೆ ಹೋಗುತ್ತೆ. ನಮ್ಮಲ್ಲಿರೋದು ಒಂದೇ ಮೊಳೆ.”

“ಇನ್ನೊಂದು ಹೊಡೀಬಾರ್ದಾ, ಅಕ್ಕಾ?”

“ಮಣ್ಣಿನ ಗೋಡೆ, ಉದುರುತ್ತೆ. ನಿಮ್ಮಪ್ಪನ್ನ ಕಳ್ಸು, ಹಿಡ್ಕೊಂಡು ನಿಂತಿರ್ಲಿ!”

ಕಲುಂಡೆ ಬಾಟಲಿಯನ್ನು ತೆರೆಯದೆ ಪಕ್ಕಕ್ಕಿಟ್ಟು ಅಕ್ಷರ ಸಣ್ಣದು ಮಾಡಿ ನೋಡುತ್ತಾರೆ. ಕೇಂದ್ರದ ಲಾಟೀನಿನ ಬೆಳಕಿಗೆ ಅಷ್ಟು ಸಣ್ಣದು ಕಾಣುವುದಿಲ್ಲ.

“ಜಾಗ ಸಾಲ್ದಿದ್ರೆ ನಾವು ಹಳಿ ಬಗ್ಗಿಸ್ತಿದ್ವಪ್ಪ,” ಎಂದು ಮಾಯುಂಗಾ ಚಹಾ ಹೀರುತ್ತಾರೆ.

ಕಲುಂಡೆ ಬಲ ಅಂಚಿನಲ್ಲಿ ಗೆರೆಯನ್ನು ಕೆಳಗೆ ಬಾಗಿಸಿ, ಮತ್ತೆ ಎಡದಿಂದ ಹೊರಡಿಸಿ, ಬಾಣದ ಗುರುತು ಹಾಕುತ್ತಾರೆ. ಕೊನೆಗೆ ದಪ್ಪಕ್ಷರದಲ್ಲಿ: ಕೇಂದ್ರದ ಹೆಸರು. ಎಲ್ಲ ಒಂದೇ ಹಾಳೆಯಲ್ಲಿ ಕೂರುತ್ತದೆ.

ನ್ಯಾಂಜಲಾ ಅಚ್ಚಾಗಿ ಬಂದ ಆ ಹಾಳೆಯ ಮೇಲೆ ಬೆರಳಿಟ್ಟು, ಇನ್ನೊಂದು ಕೈಯಲ್ಲಿ ಮೊಬೈಲ್ ಹಿಡಿದು, ಮಳೆಗಾಲಕ್ಕೆ ಬೇಕಾದ ಹಾವಿನ ಮದ್ದನ್ನು ಅಲ್ಲಿಂದಲೇ ಕೇಳುತ್ತಾರೆ. ಮೊಬೈಲ್ ಗುನುಗುತ್ತದೆ.

“ಉಗ್ರಾಣದ ಕಂಪ್ಯೂಟರ್ ತಗೊಳ್ತು! ಒಂದೇ ಸಲಕ್ಕೆ! ನಿನ್ನ ಕೈ ತಣ್ಣಗಿರ್ಲಿ, ತಂಗಿ.”

ನ್ಯಾಂಜಲಾ ಹಾಳೆ ಸುರುಳಿ ಸುತ್ತಿಕೊಂಡು ಬಸ್ಸಿಗೆ ಓಡುತ್ತಾರೆ. ಕಲುಂಡೆ ಆಗ ಬಾಟಲಿ ತೆರೆದು ಚಹಾಕ್ಕೆ ಜೇನು ಹಾಕಿಕೊಳ್ಳುತ್ತಾರೆ. ನಿಮಗಿನ್ನೇನು ಬೇಕು ಎಂದು ನಾನು ಅವರನ್ನು ಕೇಳುತ್ತೇನೆ.

“ಆ ಹಾಳೆ ಗೋಡೆ ಮೇಲೇ ಇರ್ಲಿ, ಅಷ್ಟೇ. ಮಂದಾಜಿ ಕಟ್ಟೋಕೆ ಬೇರೆ ಕಾಗದ ನಾನೇ ಕೊಡ್ತೀನಿ.”