ಕೇಣಿಯಲ್ಲಿ ಸಿಕ್ಕ ಚೊಣಕ

ಕರಾವಳಿಯ ಕೇಣಿ ಊರಿಗೆ ಬಂದಿಳಿದ ದಿನ ಚಹದಂಗಡಿಯ ಯಜಮಾನರು ನನ್ನ ಗಾಳದ ಕೋಲು ನೋಡಿ, "ಇದನ್ನ ಹಿಡ್ಕಂಡು ಎಲ್ಲಿಗೆ ಹೊಂಟ್ರಿ ಬಾಯೋರೆ?" ಎಂದು ಕೇಳಿದ್ದರು. ಹೊಳೆ ಕಡಲು ಸೇರುವ ಅಳಿವೆಯಲ್ಲಿ ಚೊಣಕ ಮೀನು ಹಿಡಿಯಲು ಎಂದೆ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಮೈಸೂರು ಕಡೆಯ ಕೆರೆಗಳಲ್ಲಿ ಗಾಳ ಹಾಕುತ್ತಲೇ ಬೆಳೆದವಳು ನಾನು. ಇಂಥ ನಗು ನನಗೆ ಹೊಸದಲ್ಲ.

ಮರುದಿನ ಬೆಳಗಿನ ಚಳಿಯಲ್ಲಿ ನಾನು ಗೊತ್ತುಮಾಡಿದ್ದ ದೋಣಿಯ ಗೋಪಾಲಣ್ಣ ನೀರಿಗೆ ಕಾಲಿಡುತ್ತಿದ್ದಾಗ, "ಎಲ್ಲಿಗೆ ಹೋಗೋಣ?" ಎಂದುಬಿಟ್ಟೆ. ಅವರು ಇಟ್ಟ ಕಾಲನ್ನು ಹಿಂದಕ್ಕೆ ತೆಗೆದರು. ಮನೆಗೆ ಹೋಗಿ, ಜಗಲಿಯ ಮೇಲೆ ಕೂತು, ಒಂದು ಚೊಂಬು ನೀರು ಕುಡಿದು ಮತ್ತೆ ಬಂದರು.

"ಮೀನಿಗೆ ಹೊಂಟವ್ರನ್ನ ಎಲ್ಲಿಗೆ ಅಂತ ಕೇಳೂದಲ್ಲ" ಎಂದರು.

ಆಮೇಲೆ ದೋಣಿ ಹತ್ತಿ, ಅಳಿವೆಯ ನಡುವೆ ಗಾಳ ಹಾಕಿದೆ. ಭರತ ತಿರುಗಿ, ಏರಿದ ನೀರು ಇಳಿಯತೊಡಗುವ ಹೊತ್ತಿಗೆ ಗಾಳದ ದಾರ ಬಿಗಿಯಿತು. ಗೋಪಾಲಣ್ಣ ಕೈ ಚಾಚಿದರು, ಬೇಡವೆಂದು ತಲೆಯಾಡಿಸಿದೆ. ದಾರ ಅಂಗೈ ಕೊಯ್ದರೂ ಬಿಡದೆ, ನನ್ನ ತೋಳುದ್ದದ ಚೊಣಕವನ್ನು ನಾನೇ ದೋಣಿಗೆ ಎಳೆದುಕೊಂಡೆ. ದಡದಲ್ಲಿ ಮೀನು ಮಾರುವ ಹೆಂಗಸರು ಬುಟ್ಟಿ ಇಳಿಸಿ, ಯಾರು ಹಿಡಿದದ್ದೆಂದು ಕೇಳಿದರು.

"ಇವ್ರೇ. ನಾ ಬರೀ ಹುಟ್ಟು ಹಾಕ್ದವ" ಎಂದರು ಗೋಪಾಲಣ್ಣ.

ಇವತ್ತು ಬೆಳಿಗ್ಗೆ ಅದೇ ಕೋಲು ಹಿಡಿದು, ಅಂಗೈಗೆ ಬಟ್ಟೆ ಸುತ್ತಿಕೊಂಡು, ಅದೇ ಚಹದಂಗಡಿಗೆ ಹೋದೆ. ಬೆಂಚಿನ ಮೇಲಿದ್ದವರು ಸರಿದು ಜಾಗ ಮಾಡಿಕೊಟ್ಟರು. ಯಜಮಾನರು ಕೋಲನ್ನು ನೋಡಿದರು, ನನ್ನನ್ನು ನೋಡಿದರು, ಚಹದ ಗ್ಲಾಸು ಮುಂದಿಟ್ಟರು.

ಎಲ್ಲಿಗೆ ಎಂದು ಯಾರೂ ಕೇಳಲಿಲ್ಲ.